ಮೂಗರಾಯರು ಮೂಸಿದ ಫ್ಲಾಸ್ಕ್

ಏಳು ಬೀದಿ ಆಚೆ, ಮುಚ್ಚಿದ ಬಾಗಿಲ ಹಿಂದೆ ಯಾರಾದರೂ ಸುಳ್ಳು ಹೇಳುತ್ತಿದ್ದರೆ, ಅದು ಎಷ್ಟು ದಿನದ ಹಳೆಯ ಸುಳ್ಳು ಎಂಬುದನ್ನು ಪತ್ತೇದಾರ ಮೂಗರಾಯರು ಇಲ್ಲಿಂದಲೇ ಮೂಸಿ ಹೇಳಬಲ್ಲವರಾಗಿದ್ದರು. ನೆಗಡಿಯಾಗಿದ್ದಾಗ ಮಾತ್ರ ಒಂದು ದಿನ ಆಚೀಚೆ ಆಗುತ್ತಿತ್ತು. ಊರಿನ ಕಳ್ಳರೆಲ್ಲ ಕೆಲಸಕ್ಕೆ ಹೊರಡುವ ಮುಂಚೆ ಮೂರು ಮೂರು ಸಲ ಸೋಪು ಹಾಕಿ ಮೀಯುತ್ತಿದ್ದರು, ಸೋಪಿನ ಅಂಗಡಿಯವನು ಇದರಿಂದಲೇ ಮಹಡಿ ಕಟ್ಟಿಸಿದ. ಇದನ್ನು ಬೇರೆ ಯಾರೋ ಅಲ್ಲ, ಸ್ವತಃ ಮೂಗರಾಯರೇ ಹೇಳಿದ್ದಾರೆ.

ಅಂಥ ಮೂಗಿಗೆ ಡಾಕ್ಟರಮ್ಮ ಕವಡೆ ಕಿಮ್ಮತ್ತೂ ಕೊಡಲಿಲ್ಲ.

"ಮೂಗಿನ ವಿಷಯ ಬಿಡಿ," ಎಂದರು ಆಕೆ. "ಕಣ್ಣಲ್ಲಿ ಏನು ನೋಡಿದ್ರಿ, ಅದನ್ನ ಹೇಳಿ."

ಆಸ್ಪತ್ರೆಯ ಮಂಚದ ಮೇಲೆ ಲಾಂಡ್ರಿಯ ಇಸ್ತ್ರಿ ಮೇಸ್ತ್ರಿ ಮಲಗಿದ್ದ. ಮೊನ್ನೆ ಆತ ಕೆಲಸದ ನಡುವೆ ಫಿಟ್ಸ್ ಬಂದು ಬಿದ್ದಿದ್ದ, ತಮ್ಮ ಕೋಟು ತರಲು ಅಲ್ಲಿಗೆ ಹೋಗಿದ್ದ ಮೂಗರಾಯರು ಮೇಜಿನ ಮೇಲಿದ್ದ ಟೀ ಫ್ಲಾಸ್ಕ್ ಮೂಸಿ ‘ವಿಷ’ ಎಂದಿದ್ದರು, ಆ ಟೀ ಮಾಡಿ ಕಳಿಸಿದ್ದ ಸೊಸೆಯನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಎರಡು ದಿನದ ಪೊಲೀಸ್ ಕಸ್ಟಡಿ ಮುಗಿದು, ಇವತ್ತು ನಾಲ್ಕು ಗಂಟೆಗೆ ಆಕೆಯನ್ನು ಮತ್ತೆ ಕೋರ್ಟಿನ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವುದಿತ್ತು.

ಈಗ ಒಂದೂವರೆ.

ಮೂಗರಾಯರು ಎದೆ ಸೆಟೆಸಿ ಶುರುಮಾಡಿದರು. ಮೇಸ್ತ್ರಿ ಬಿದ್ದ ಸದ್ದಿಗೆ ಕಿಟಕಿಯ ಗಾಜುಗಳು ಒಡೆದವು, ಬಾಯಿಂದ ಬಂದ ನೊರೆ ಮೊಣಕಾಲಿನ ತನಕ ನಿಂತಿತು, ಕೈಕಾಲು ಅರ್ಧ ಗಂಟೆ ಬಡಿದುಕೊಂಡವು. ಅರ್ಧ ಗಂಟೆಗೆ ಒಂದು ನಿಮಿಷ ಹೆಚ್ಚಾದರೂ ಆದೀತು, ಕಮ್ಮಿಯಂತೂ ಇಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಗ ಹಾಸುಬಟ್ಟೆ ಇಸ್ತ್ರಿ ಮಾಡುವ ರೋಲರ್ ಓಡುತ್ತಿತ್ತೇ ಎಂದು ಕೇಳಿದರು. ಓಡುತ್ತಿತ್ತು, ಗಾಬರಿಯಲ್ಲಿ ಯಾರೂ ನಿಲ್ಲಿಸಿರಲಿಲ್ಲ. ಹಾಗಾದರೆ ಮೇಸ್ತ್ರಿ ಬಿದ್ದಾಗ ರೋಲರಿನಲ್ಲಿ ಯಾವ ಬಟ್ಟೆ ಇತ್ತು, ಕೈಕಾಲು ಸಡಿಲವಾದಾಗ ಯಾವುದಿತ್ತು?

ಮೂಗರಾಯರು ಕಣ್ಣು ಮುಚ್ಚಿ ನೆನೆದರು. ನೀಲಿ ಅಂಚಿನ ಹಾಸು ಒಳಗೆ ಹೋಗುತ್ತಿತ್ತು. ಆಮೇಲೆ ಒಂದು ಬಿಳಿಯದು. ಅದು ಆಚೆ ಬರುವಷ್ಟರಲ್ಲಿ ಮೇಸ್ತ್ರಿ ಗೊರಕೆ ಹೊಡೆಯುತ್ತಿದ್ದ.

"ಒಂದು ಹಾಸು ಆಚೆ ಬರೋಕೆ ಒಂದು ನಿಮಿಷ ಅಂತ ಲಾಂಡ್ರಿಯವರು ಹೇಳಿದ್ರು," ಎಂದರು ಡಾಕ್ಟರಮ್ಮ. "ಎರಡು ಹಾಸು, ಎರಡು ನಿಮಿಷ. ಎರಡು ಅಂತ ಬರ್ಕೊಳ್ತೀನಿ. ನಿಮ್ಮ ಅರ್ಧ ಗಂಟೆ ನಂಬಿದ್ರೆ ನಾನು ಬೇರೆ ಔಷಧಿ ಕೊಡಬೇಕಾಗುತ್ತೆ."

ಮುಂದಿನ ಪ್ರಶ್ನೆಗಳು ಸೂಜಿಯ ಹಾಗೆ ಬಂದವು. ಒಂದೇ ಕೈ ಅದುರಿತೋ, ಎರಡೂ ಅದುರಿದವೋ? ಎರಡೂ. ಕಣ್ಣು ಮುಚ್ಚಿತ್ತೋ, ತೆರೆದಿತ್ತೋ? ತೆರೆದು ಮೇಲಕ್ಕೆ ಸಿಕ್ಕಿಕೊಂಡಿತ್ತು. ಎದ್ದ ಮೇಲೆ ಜನರ ಗುರುತು ಹಿಡಿದನೇ? ಇಲ್ಲ, ಮೂಗರಾಯರನ್ನೇ ‘ಅಮ್ಮಾ’ ಎಂದು ಕರೆದ. ಇದನ್ನು ಬರೆದುಕೊಳ್ಳುವಾಗ ಡಾಕ್ಟರಮ್ಮನ ತುಟಿ ಒಂದು ಕೂದಲೆಳೆಯಷ್ಟು ಅಲುಗಿತು.

"ಮುಂದಿನ ಹಲ್ಲು ಮುರಿದಿದೆಯಲ್ಲ, ಅದು ಹೇಗೆ?"

ಮೂಗರಾಯರು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ನಾಲಿಗೆ ಕಚ್ಚಿಕೊಳ್ಳದಿರಲಿ ಎಂದು ಸಿಂಹದ ಬಾಯಿಗೆ ಕೈಹಾಕುವಂತೆ ತಾವೇ ಸ್ಟೀಲ್ ಚಮಚ ತುರುಕಿ ಪ್ರಾಣ ಉಳಿಸಿದ್ದನ್ನು ಅಭಿನಯಸಮೇತ ವಿವರಿಸಿದರು.

"ಪ್ರಾಣ ಉಳಿದದ್ದು ನಿಮ್ಮಿಂದ ಅಲ್ಲ, ನಿಮ್ಮ ಕೈಯಿಂದ ತಪ್ಪಿಸಿಕೊಂಡು," ಎಂದರು ಡಾಕ್ಟರಮ್ಮ. ಇನ್ನೊಮ್ಮೆ ಇಂಥದ್ದು ಕಂಡರೆ ಬಾಯಿಗೆ ಏನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಅದುರುವುದು ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಅಷ್ಟು ಹೊತ್ತೂ ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಮೂಗರಾಯರು ತಮ್ಮ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡಿಕೊಂಡರು.

ಆಮೇಲೆ ಆಕೆ ದನಿ ತಗ್ಗಿಸಿದರು.

"ಈ ಫಿಟ್ಸ್, ಸೆಳವು ಅನ್ನೋದೇ ರೋಗ ಅಲ್ಲ. ಅದು ಮನೆಯಿಂದ ಬರೋ ಹೊಗೆ. ಬೆಂಕಿ ಎಲ್ಲಿದೆ ಅಂತ ಹುಡುಕಬೇಕು. ಒಂದು ಸಲ ಬಂತು ಅಂದ ಮಾತ್ರಕ್ಕೆ ಮೂರ್ಛೆರೋಗ ಅಂತಲೂ ಅಲ್ಲ, ವಿಷ ಅಂತಲೂ ಅಲ್ಲ."

ಆಕೆ ಒಂದೊಂದೇ ಕೋಣೆ ಹುಡುಕಿದ್ದರು. ರಕ್ತದ ಸಕ್ಕರೆ ಇಳಿದಿತ್ತೇ? ಇಲ್ಲ. ತಲೆಗೆ ಏಟು, ಮಿದುಳಿನಲ್ಲಿ ಗಡ್ಡೆ, ರಕ್ತಸ್ರಾವ? ಸ್ಕ್ಯಾನ್ ಶುಭ್ರ. ಜ್ವರ ಏರಿ ಮಿದುಳಿಗೆ ಸೋಂಕು? ಇಲ್ಲ. ಬಹುಕಾಲದ ಕುಡಿತ ದಿಢೀರನೆ ಬಿಟ್ಟದ್ದು? ಆತ ಕುಡಿದವನೇ ಅಲ್ಲ. ಸಿಕ್ಕಿದ್ದು ಒಂದೇ, ರಕ್ತದ ಸೋಡಿಯಂ. ಉಪ್ಪಿನಂಶ. ನೂರಮೂವತ್ತೈದಕ್ಕಿಂತ ಕಮ್ಮಿ ಇರಬಾರದ್ದು ನೂರಹನ್ನೊಂದಕ್ಕೆ ಇಳಿದಿತ್ತು. ಉಪ್ಪು ಅಷ್ಟು ತೆಳುವಾದರೆ ಮಿದುಳು ನೀರು ಕುಡಿದು ಊದಿಕೊಳ್ಳುತ್ತದೆ, ಆಗ ಸೆಳವು. ಅದನ್ನು ಅವಸರದಲ್ಲಿ ಏರಿಸಿದರೂ ಅಪಾಯ, ಅದಕ್ಕೇ ಮೇಸ್ತ್ರಿ ಎರಡು ದಿನವಾದರೂ ಇನ್ನೂ ಮಂಪರಿನಲ್ಲಿದ್ದ.

ತಿಂಗಳ ಹಿಂದೆ ಬೇರೆ ಡಾಕ್ಟರು ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರು, ಮೇಸ್ತ್ರಿ ಊಟದಲ್ಲಿ ಉಪ್ಪನ್ನೂ ಬಿಟ್ಟಿದ್ದ. ಆದರೆ ಅಷ್ಟರಿಂದಲೇ ಇಷ್ಟು ಇಳಿಯುವುದಿಲ್ಲ.

"ಈತ ಎಷ್ಟು ನೀರು ಕುಡೀತಿದ್ದ? ಅದು ತಿಳೀಬೇಕು. ಲೋಟದ ಲೆಕ್ಕದಲ್ಲಿ ತಿಳೀಬೇಕು, ನಿಮ್ಮ ಲೆಕ್ಕದಲ್ಲಿ ಅಲ್ಲ. ಅದು ಸಿಕ್ಕಿದ್ರೆ ಇನ್ಸ್‌ಪೆಕ್ಟರಿಗೆ ನಾನೇ ಫೋನ್ ಮಾಡ್ತೀನಿ."

ವಿಷ ಅಲ್ಲದಿದ್ದರೆ ಫ್ಲಾಸ್ಕಿನಲ್ಲಿ ಮೂಗರಾಯರು ಮೂಸಿದ್ದೇನು? ಆ ಯೋಚನೆ ಮುಂದುವರಿಯುವ ಮುನ್ನವೇ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಅಲ್ಲಿಂದ ಹೊರಟುಬಿಟ್ಟರು.

*

ಲಾಂಡ್ರಿಯ ಇಸ್ತ್ರಿ ಹಾಲ್‌ನಲ್ಲಿ ಸೆಖೆ ಎಷ್ಟಿತ್ತೆಂದರೆ ಒಳಗೆ ಹೋದವರ ನೆರಳೂ ಬೆವರುತ್ತಿತ್ತು. ಗೋಡೆಯ ದೊಡ್ಡ ಫ್ಯಾನು ಕೆಟ್ಟು ಸುಮ್ಮನೆ ನೇತಾಡುತ್ತಿತ್ತು. ರೋಲರಿನ ಈ ತುದಿಯಲ್ಲಿ ಇಬ್ಬರು ಹೆಂಗಸರು ಒದ್ದೆ ಹಾಸು ತುರುಕುತ್ತಿದ್ದರು, ಆ ತುದಿಯಲ್ಲಿ ಇಬ್ಬರು ಎಳೆದು ಮಡಿಸುತ್ತಿದ್ದರು.

ಟ್ರಿಣ್ ಎಂದು ಬೆಲ್ ಹೊಡೆಯಿತು. ನಾಲ್ವರೂ ಜಾಗ ಬದಲಿಸಿದರು.

ಎಲ್ಲರೂ ಮಡಿಕೆಯಕ್ಕ ಎಂದು ಕರೆಯುವ ಹಿರಿಯಾಕೆ ಹಾಸು ಮಡಿಸುತ್ತಲೇ ಮಾತಾಡಿದಳು. ಆಕೆಯ ಕೈ ನಿಂತರೆ ಬಾಯಿ ನಿಲ್ಲುತ್ತದೆ, ಬಾಯಿ ನಿಂತರೆ ಕೈ ನಿಲ್ಲುತ್ತದೆ, ಆದ್ದರಿಂದ ಲಾಂಡ್ರಿ ಯಜಮಾನಿ ಎರಡನ್ನೂ ತಡೆಯುತ್ತಿರಲಿಲ್ಲ.

ಮೇಸ್ತ್ರಿ ಬೀಳುವುದಕ್ಕೆ ಒಂದು ದಿನ ಮೊದಲಿನಿಂದಲೇ ಸರಿ ಇರಲಿಲ್ಲವಂತೆ. ತಲೆನೋವು, ವಾಕರಿಕೆ. ಬಿದ್ದ ದಿನ ಬೆಳಿಗ್ಗೆ ಒಂದೇ ದಿಂಬಿನ ಚೀಲವನ್ನು ಐದು ಸಲ ಇಸ್ತ್ರಿ ಮಾಡಿದ. ಮಡಿಕೆಯಕ್ಕ ‘ಮೇಸ್ತ್ರಿ, ಅದು ತೊಗಲು ಸುಲಿಯೋ ಹಾಗಾಯ್ತು’ ಎಂದರೆ, ‘ಯಾವುದು?’ ಎಂದು ಆಕೆಯ ಮುಖವನ್ನೇ ನೋಡುತ್ತ ನಿಂತ.

ನೀರಿನ ಮಾತು ತೆಗೆದದ್ದೇ ಹಾಲ್‌ನ ಹೆಂಗಸರೆಲ್ಲ ನಕ್ಕರು.

ಮೂತ್ರಪಿಂಡದಲ್ಲಿ ಕಲ್ಲು ಎಂದು ಆ ಬೇರೆ ಡಾಕ್ಟರೇ ಧಾರಾಳ ನೀರು ಕುಡಿಯಲು ಹೇಳಿದ್ದರು. ಎಷ್ಟು ಎಂದು ಮೇಸ್ತ್ರಿ ಕೇಳಿದ್ದ. ಅರ್ಧ ಗಂಟೆಗೆ ಒಂದು ಲೋಟ ಎಂದಿದ್ದರು. ಹಾಲ್‌ನಲ್ಲಿ ಬೆಲ್ ಹೊಡೆಯುತ್ತಿದ್ದದ್ದು ಅರ್ಧ ಗಂಟೆಗೊಮ್ಮೆ. ನಲವತ್ತು ವರ್ಷ ಬೆಲ್ಲಿಗೆ ನಿಂತು, ಬೆಲ್ಲಿಗೆ ಕೂತು, ಬೆಲ್ಲಿಗೆ ಉಂಡವನು ಆತ. ಕೈಗೆ ಗಡಿಯಾರವನ್ನೇ ಕಟ್ಟಿದವನಲ್ಲ. ಬೆಲ್ ಹೊಡೆಯಿತೇ, ಒಂದು ಲೋಟ. ತಿಂಗಳಿಂದ ಇದೇ ನಡೆದಿತ್ತು.

"ಈಗ ಬೆಲ್ ಎಷ್ಟು ಹೊತ್ತಿಗೆ?" ಎಂದು ಮೂಗರಾಯರು ಕೇಳುವುದಕ್ಕೂ ಟ್ರಿಣ್ ಎನ್ನುವುದಕ್ಕೂ ಸರಿಹೋಯಿತು. ನಾಲ್ವರೂ ಮತ್ತೆ ಜಾಗ ಬದಲಿಸಿದರು.

"ಫ್ಯಾನು ಕೆಟ್ಟ ದಿನದಿಂದ ಹತ್ತು ನಿಮಿಷಕ್ಕೆ," ಎಂದಳು ಮಡಿಕೆಯಕ್ಕ. "ರೋಲರ್ ಮುಂದೆ ಅದಕ್ಕಿಂತ ಹೆಚ್ಚು ನಿಂತ್ರೆ ನಾವೇ ಇಸ್ತ್ರಿ ಆಗಿಬಿಡ್ತೀವಿ. ಯಜಮಾನಿನೇ ಬದಲಾಯಿಸಿದ್ದು. ಮೇಸ್ತ್ರಿ ಬಿದ್ದದ್ದು ಅದರ ಮೂರನೇ ದಿನ."

ಆಕೆಯ ಕೈ ನಿಂತಿತು. ಮಡಿಕೆಯಕ್ಕನ ಕೈ ನಿಂತದ್ದನ್ನು ಆ ಹಾಲ್ ಅಲ್ಲಿಯವರೆಗೆ ಕಂಡಿರಲಿಲ್ಲ.

"ಅಯ್ಯೋ," ಎಂದಳು ಮೆಲ್ಲಗೆ. "ಪ್ರತಿ ಬೆಲ್ಲಿಗೂ ಕುಡೀತಿದ್ರು. ಬಚ್ಚಲಿಗೆ ಓಡಿಹೋಗಿ ಬಂದು ಮತ್ತೆ ಕುಡೀತಿದ್ರು. ನಾವು ನಗ್ತಿದ್ವಿ."

ಮೂಗರಾಯರ ಲೆಕ್ಕದಲ್ಲಿ ಅದು ಅರ್ಧ ಕೆರೆ. ಲೋಟದ ಲೆಕ್ಕದಲ್ಲಿ, ಎಂಟು ಗಂಟೆಯ ಪಾಳಿಗೆ ಕಾಲು ಲೀಟರಿನ ನಲವತ್ತೆಂಟು ಲೋಟ, ದಿನಕ್ಕೆ ಹನ್ನೆರಡು ಲೀಟರು. ಡಾಕ್ಟರಮ್ಮನಿಗೆ ಹೇಳಲು ಅವರು ಎರಡನೆಯದನ್ನೇ ಚೀಟಿಯಲ್ಲಿ ಬರೆದುಕೊಂಡರು. ಜೀವಮಾನದಲ್ಲಿ ಅವರು ಬರೆದ ಮೊದಲ ಸರಿಯಾದ ಸಂಖ್ಯೆ ಅದು.

ಹಾಗಾದರೆ ಟೀ?

ಉತ್ತರ ಲಾಂಡ್ರಿಯ ಬಾಯ್ಲರ್ ಕಾಯುವ ಬಾಯ್ಲರ್ ಅಣ್ಣನಲ್ಲಿತ್ತು. ಆತ ಬಾಗಿಲು ತುಂಬ ನಿಂತಿದ್ದ. ಕಲ್ಲಿಗೆ ಟೀ ಒಳ್ಳೆಯದಲ್ಲವೆಂದು ಮೇಸ್ತ್ರಿ ಒಂದು ತಿಂಗಳಿಂದ ಟೀ ಮುಟ್ಟಿರಲಿಲ್ಲ. ಸೊಸೆ ನಸುಕಿನಲ್ಲೆದ್ದು ಮಾಡುತ್ತಾಳೆ, ಬೇಡವೆಂದರೆ ನೊಂದುಕೊಳ್ಳುತ್ತಾಳೆ ಎಂದು ಅವಳಿಗೆ ಮಾತ್ರ ಹೇಳದೆ, ಫ್ಲಾಸ್ಕನ್ನು ದಿನವೂ ಬಾಯ್ಲರ್ ಅಣ್ಣನಿಗೆ ದಾಟಿಸುತ್ತಿದ್ದ.

"ಮೊನ್ನೆನೂ ನಾನೇ ಕುಡಿದೆ," ಎಂದ ಆತ. "ಎರಡು ಲೋಟ ಕುಡಿದು, ಉಳಿದದ್ದನ್ನ ಆಮೇಲೆ ಕುಡಿಯೋಣ ಅಂತ ಅವರ ಮೇಜಿನ ಮೇಲೆ ಇಟ್ಟು ಕೈ ತೆಗೀತಿದ್ದೆ, ಮೇಸ್ತ್ರಿ ಬಿದ್ರು. ನೀವೂ ಅಲ್ಲೇ ಇದ್ರಲ್ಲ."

ಇದ್ದರು. ಆತ ಗುಂಡುಕಲ್ಲಿನ ಹಾಗೆ ನಿಂತು ಹೇಳುತ್ತಿದ್ದ. ಆ ಟೀಯಲ್ಲಿ ಏನಾದರೂ ಇದ್ದಿದ್ದರೆ ಆತ ನಿಂತಿರುತ್ತಿರಲಿಲ್ಲ.

ಇಷ್ಟು ದಿನ ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದರೆ, ವಿಷವೆಂದು ರಾಯರೇ ಹೇಳಿದ ಮೇಲೆ ತಾನು ಕುಡಿದೆ ಎಂದು ಬಾಯಿಬಿಟ್ಟರೆ ತನ್ನನ್ನೂ ಎಳೆದುಕೊಂಡು ಹೋದಾರು ಎಂದು ಹೆದರಿದನಂತೆ. ಆ ರಾತ್ರಿಯೆಲ್ಲ ಇನ್ನೇನು ಸಾಯುತ್ತೇನೆ ಎಂದು ಹೆಂಡತಿಯ ಕೈ ಹಿಡಿದು ಕೂತಿದ್ದನಂತೆ.

ಮೂಗರಾಯರು ಇಸ್ತ್ರಿ ಮೇಜಿಗೆ ಬೆನ್ನು ಕೊಟ್ಟು ಮೇಸ್ತ್ರಿಯ ಮಗನ ಬಗ್ಗೆ ವಿಚಾರಿಸಿದರು. ಅಪ್ಪ ಆಸ್ಪತ್ರೆಯಲ್ಲಿ, ಹೆಂಡತಿ ಲಾಕಪ್ಪಿನಲ್ಲಿ ಇದ್ದರೂ ಆತ ಲಾಂಡ್ರಿ ವ್ಯಾನಿನ ಒಂದು ಟ್ರಿಪ್ಪೂ ತಪ್ಪಿಸಿಲ್ಲ ಎಂದು ಮಡಿಕೆಯಕ್ಕ ತುಟಿ ಕೊಂಕಿಸಿದಳು. ಈಗ ಹೆಂಡತಿಗೆ ಬಟ್ಟೆ ಕೊಡಲು ಸ್ಟೇಷನ್ನಿಗೆ ಹೊರಟಿದ್ದಾನಂತೆ.

ಮಾತಿನ ನಡುವೆ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಉಳಿದವರೂ ಮುಚ್ಚಿಕೊಂಡರು. ಒಬ್ಬಳು ಮೂಗರಾಯರ ಹಿಂದೆ ಬೆರಳು ತೋರಿಸಿ ಏನೋ ಹೇಳಹೊರಟಳು. ಗೌರವದಿಂದ ಮೂಕರಾದ ಜನರನ್ನು ಅವರು ಬಹಳ ಕಂಡಿದ್ದರು. ಕೈಯೆತ್ತಿ ಅವಳನ್ನು ತಡೆದು, ಡಾಕ್ಟರಮ್ಮನಿಗೆ ಫೋನ್ ಮಾಡಿ, ಹೊರಗೆ ಓಡಿದರು.

ಆಗ ಮೂರು ಗಂಟೆ.

*

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಒಂದು ಮೊಹರು ಹಾಕಿದ ಲಕೋಟೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಫ್ಲಾಸ್ಕಿನ ಪರೀಕ್ಷೆಯ ವರದಿ ಈಗಷ್ಟೇ ಬಂದಿತ್ತು. ಎದುರಿನ ಬೆಂಚಿನ ಮೇಲೆ ಮೇಸ್ತ್ರಿಯ ಸೊಸೆ ಕೂತಿದ್ದಳು. ಎರಡು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು, ಆದರೂ ಉಟ್ಟ ಸೀರೆಯ ನೆರಿಗೆಯನ್ನು ಬೆರಳಿನಿಂದ ತೀಡಿ ತೀಡಿ ನೇರ ಮಾಡುತ್ತಿದ್ದಳು.

ಡಾಕ್ಟರಮ್ಮನ ಫೋನ್ ಆಗಲೇ ಬಂದಿತ್ತು. ಮೂಗರಾಯರು ಬೆಲ್, ಲೋಟ, ಬಾಯ್ಲರ್ ಅಣ್ಣ, ಎಲ್ಲವನ್ನೂ ಹೇಳಿದರು. ಮಾವ ಟೀ ಬಿಟ್ಟು ತಿಂಗಳಾಯಿತೆಂದು ಕೇಳಿ ಸೊಸೆ ಒಮ್ಮೆ ತಲೆಯೆತ್ತಿದಳು.

"ನನಗೆ ಒಂದು ಮಾತು ಹೇಳಬಾರದಿತ್ತಾ ಮಾವ," ಎಂದು ತನಗೆ ತಾನೇ ಹೇಳಿಕೊಂಡಳು. ಕಣ್ಣೊರೆಸಿಕೊಂಡಳು.

ಇನ್ಸ್‌ಪೆಕ್ಟರಿಗೆ ಸಮಾಧಾನವಾಗಲಿಲ್ಲ. "ಫಿಟ್ಸ್ ನೀರಿನಿಂದ ಬಂತು, ಒಪ್ಪಿದೆ. ಆದ್ರೆ ನೀವೇ ಸಹಿ ಹಾಕಿದ ಹೇಳಿಕೆ ಇಲ್ಲಿದೆ. ‘ಫ್ಲಾಸ್ಕ್ ತೆರೆದ ಕೂಡಲೇ ವಿಷದ ಘಾಟು ಹೊಡೆಯಿತು.’ ಘಾಟು ಎಲ್ಲಿಂದ ಬಂತು, ರಾಯರೇ?"

ಮೂಗರಾಯರು ಗಂಟಲು ಸರಿಮಾಡಿಕೊಂಡರು. ಅಸಾಮಾನ್ಯ ಮೂಗುಗಳಿಗೆ ಕೆಲವೊಮ್ಮೆ ಮುಂದೆ ಬರಲಿರುವ ವಾಸನೆಯೂ ಮೊದಲೇ ತಟ್ಟುತ್ತದೆ ಎಂದು ವಿವರಿಸಲು ತೊಡಗಿದರು.

"ಈಗ ಏನು ವಾಸನೆ ಬರ್ತಿದೆ?" ಸೊಸೆ ಕೇಳಿದಳು.

ಮೂಗರಾಯರು ಮೂಗರಳಿಸಿ ಎಳೆದುಕೊಂಡರು. ಫೈಲು, ಶಾಯಿ, ಇನ್ಸ್‌ಪೆಕ್ಟರ ಚಪ್ಪಲಿಯ ಚರ್ಮ ಎಂದರು.

"ನಾನು ಇಸ್ತ್ರಿಯವರ ಮನೆ ಸೊಸೆ," ಎಂದಳು ಆಕೆ. ದನಿ ಏರಲಿಲ್ಲ. "ಬಟ್ಟೆ ಸುಟ್ಟ ವಾಸನೆ ನಮಗೆ ನಿದ್ದೇಲೂ ಗೊತ್ತಾಗುತ್ತೆ. ನೀವು ಬಾಗಿಲಲ್ಲಿ ಕಾಲಿಟ್ಟಾಗಿಂದ ಈ ಕೋಣೆ ಕಮರು ಹೊಡೀತಿದೆ. ಕೋಟು ತೆಗೆದು ಹಿಂದೆ ನೋಡ್ಕೊಳ್ಳಿ."

ಮೂಗರಾಯರು ಕೋಟು ತೆಗೆದರು. ಹಿಂಭಾಗದ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಕಪ್ಪಗೆ ಕರಕಲಾಗಿತ್ತು. ಮುಟ್ಟಿದರೆ ಉದುರಿತು. ಮೂಲೆಯಲ್ಲಿದ್ದ ಪೇದೆ ಮೂಗಿನ ಮೇಲಿಂದ ಕರ್ಚೀಫು ತೆಗೆದು, ತಾನೂ ಹೇಳಬೇಕೆಂದಿದ್ದೆ ಎಂದ.

ಮೂಗರಾಯರು ಕುರ್ಚಿಯಲ್ಲಿ ಕೂತರು. ಗಾಳಿ ಬಿಟ್ಟ ಚೆಂಡಿನ ಹಾಗೆ ಕೂತರು.

ಮೂರು ವರ್ಷದ ಹಿಂದೆ ಬಂದ ಒಂದು ಜ್ವರ, ಹೋಗುವಾಗ ಅವರ ವಾಸನೆ ಹಿಡಿಯುವ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಆಮೇಲೆ ಹೂವೂ ಒಂದೇ, ಹೊಗೆಯೂ ಒಂದೇ. ಮೊನ್ನೆ ಮೇಸ್ತ್ರಿ ಬಿದ್ದಾಗ ಹಾಲ್‌ನ ಎಲ್ಲರೂ ಮೂಗರಾಯರ ಮುಖವನ್ನೇ ನೋಡಿದರು, ಯಾರೋ ‘ರಾಯರೇ ಮೂಸಿ ಹೇಳಲಿ’ ಎಂದರು. ಮೂಸಿದರು. ಏನೂ ಬರಲಿಲ್ಲ. ಏನೂ ಬರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಇಷ್ಟನ್ನೂ ಅವರು ನಾಲ್ಕೇ ವಾಕ್ಯದಲ್ಲಿ ಹೇಳಿ ಮುಗಿಸಿದರು. "ತಪ್ಪಾಯ್ತು, ತಾಯಿ," ಎಂದರು ಸೊಸೆಗೆ.

ಆಕೆಯ ಬೆರಳು ನೆರಿಗೆ ತೀಡುವುದನ್ನು ನಿಲ್ಲಿಸಿತು.

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು, ಇನ್ನು ಇದೊಂದು ಶಾಸ್ತ್ರ ಎಂಬಂತೆ ಲಕೋಟೆ ಒಡೆದರು. ಓದಿದರು. ಮತ್ತೊಮ್ಮೆ ಓದಿದರು. ಗೋಡೆಯ ಗಡಿಯಾರ ನೋಡಿದರು. ನಾಲ್ಕಕ್ಕೆ ಹನ್ನೆರಡು ನಿಮಿಷ ಇತ್ತು.

"ಇಲಿಪಾಷಾಣ," ಎಂದರು. "ಫ್ಲಾಸ್ಕಿನ ಟೀಯಲ್ಲಿ ಇಲಿಪಾಷಾಣ ಇದೆ. ಒಬ್ಬರಲ್ಲ, ಮೂವರಿಗೆ ಸಾಕಾಗುವಷ್ಟು."

ಇನ್ಸ್‌ಪೆಕ್ಟರು ಎದ್ದು ಕಿಟಕಿಯ ತನಕ ಹೋದರು, ತಿರುಗಿ ಬಂದರು. ಬಾಯ್ಲರಿನವನು ಕುಡಿದದ್ದು ಅದೇ ಟೀ, ಅವನು ನೆಟ್ಟಗಿದ್ದಾನೆ. ಅವನು ಫ್ಲಾಸ್ಕ್ ಇಟ್ಟ ಗಳಿಗೆಗೇ ಮೇಸ್ತ್ರಿ ಬಿದ್ದದ್ದು. ಅಂದರೆ ವಿಷ ಬಿದ್ದದ್ದು ಮೇಸ್ತ್ರಿ ಬಿದ್ದ ಮೇಲೆ. ಮನೆಯಲ್ಲಿದ್ದ ಈಕೆ ಹಾಕಿರಲಾರಳು. ಯಾರೋ ರಾಯರ ಸುಳ್ಳನ್ನು ಕೇಳಿ, ಅದನ್ನು ನಿಜ ಮಾಡಿದ್ದಾರೆ.

"ಈಗ ಹೇಳಿಕೆಯ ಕೊನೇ ಸಾಲು," ಎಂದು ಕಾಗದ ಎತ್ತಿಕೊಂಡರು. "‘ಮೂಸಿದ ಕ್ಷಣದಿಂದ ಪೊಲೀಸರ ಕೈಗೆ ಒಪ್ಪಿಸುವ ತನಕ ಫ್ಲಾಸ್ಕ್ ನನ್ನ ಕೈ ಬಿಟ್ಟು ಕದಲಿಲ್ಲ.’ ಇದು ನಿಜವಾದ್ರೆ ವಿಷ ಹಾಕೋಕೆ ಆಗ್ತಿದ್ದದ್ದು ಒಬ್ಬರಿಗೇ. ನಿಜಾನಾ, ರಾಯರೇ?"

ಹೌದೆಂದರೆ ವಿಷ ಹಾಕಿದವರು ಮೂಗರಾಯರೇ. ಅಲ್ಲವೆಂದರೆ ತಮ್ಮಲ್ಲಿ ಉಳಿದಿದ್ದ ಕೊನೆಯ ಚಿಂದಿ ಮರ್ಯಾದೆಯೂ ಹೋಯಿತು. ಎದುರಿಗೆ ಎರಡು ದಿನದಿಂದ ಅವರ ಮಾತಿನೊಳಗೆ ಬಂಧಿಯಾಗಿದ್ದ ಹೆಂಗಸು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಅಲ್ಲ," ಎಂದರು. "ಗೇಟಿನ ಹತ್ರ ಜನ ಸೇರಿದ್ರು. ಹೇಗೆ ಕಂಡುಹಿಡಿದ್ರಿ ಅಂತ ಕೇಳಿದ್ರು. ಹೇಳೋಕೆ ನನಗೆ ಎರಡೂ ಕೈ ಬೇಕಾಗುತ್ತೆ. ಫ್ಲಾಸ್ಕನ್ನ ಬಾಯ್ಲರ್ ಕೋಣೆ ಮೆಟ್ಟಿಲ ಮೇಲೆ ಇಟ್ಟೆ."

"ಎಷ್ಟು ಹೊತ್ತು?"

"ಹದಿನೈದು ನಿಮಿಷ." ಒಂದು ಕ್ಷಣ ತಡೆದರು. "ಹದಿನೈದೇ. ಜಾಸ್ತಿ ಮಾಡಿ ಹೇಳ್ತಿಲ್ಲ. ಆಗ ಬೆಲ್ ಒಂದು ಸಲ ಹೊಡೀತು."

"ಆಮೇಲೆ?"

"ಒಬ್ಬರು ಹಿಂದಿನಿಂದ ಬಂದು ಕೈಗೆ ಕೊಟ್ರು. ‘ನಿಮ್ಮ ಸಾಕ್ಷಿನೇ ಬಿಟ್ಟು ಹೋಗ್ತಿದ್ದೀರಲ್ಲ’ ಅಂದ್ರು. ಮುಚ್ಚಳ ಬಿಗಿಯಾಗಿತ್ತು. ನಾನು ಅದನ್ನ ಸುಮ್ಮನೆ ಮೇಲೆ ಇಟ್ಟಿದ್ದೆ, ತಿರುಗಿಸಿರಲಿಲ್ಲ."

ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ಮೇಸ್ತ್ರಿಯ ಮಗ ಹೆಂಡತಿಯ ಬಟ್ಟೆಯ ಗಂಟು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಸೊಸೆ ಅವನನ್ನು ನೋಡಿ ಏಳಹೋದವಳು, ಮೂಗರಾಯರ ಮುಖ ನೋಡಿ ಹಾಗೇ ಕೂತಳು.

ಮೂಗರಾಯರು ಕರಕಲು ಕೋಟನ್ನು ಮಡಿಲಲ್ಲಿಟ್ಟುಕೊಂಡು, ಮೇಸ್ತ್ರಿಯ ಮಗನತ್ತ ನೋಡಿ ಹೇಳಿದರು, ಅಷ್ಟು ಸಣ್ಣ ದನಿಯಲ್ಲಿ ಅವರು ಇದುವರೆಗೆ ಯಾರಿಗೂ ಏನನ್ನೂ ಹೇಳಿರಲಿಲ್ಲ.

"ಇವರೇ ತಂದುಕೊಟ್ಟದ್ದು. ಮೆಟ್ಟಿಲಿಂದ ಇವರೇ ಎತ್ತಿಕೊಂಡ್ರಾ, ಇವರ ಕೈಗೆ ಬೇರೆ ಯಾರಾದ್ರೂ ಕೊಟ್ರಾ, ಅದು ನನಗೆ ಗೊತ್ತಿಲ್ಲ. ನಾನು ಆ ಕಡೆ ನೋಡಲೇ ಇಲ್ಲ. ಕಥೆ ಹೇಳ್ತಿದ್ದೆ."